ಬಸ್ಸಿನಿಂದ ಮೊದಲು ಇಳಿದ ನೇಜಾ

ಅತಿಥಿ ಸತ್ಕಾರದಲ್ಲಿ ತನ್ನನ್ನು ಮೀರಿಸುವವರು ಇಡೀ ಡೆನ್ಮಾರ್ಕಿನಲ್ಲೇ ಇಲ್ಲ ಎಂದು ಪ್ರೇಬನ್ ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಬಾಯಿತುಂಬ ರೈ ಬ್ರೆಡ್ ತುಂಬಿಕೊಂಡು.

"ನೋಡ್ತಿರು ಕಿರ್ಸ್ಟನ್! ಆ ಹುಡುಗಿ ವಾಪಸ್ ಹೋಗುವಾಗ ಬಸ್ಸಿನ ಬಾಗಿಲು ಹಿಡ್ಕೊಂಡು 'ಹೋಗಲ್ಲ' ಅಂತ ಅಳಬೇಕು, ಅಂಥಾ ಉಪಚಾರ ಮಾಡ್ತೀನಿ!"

"ಬಂದ ದಿನವೇ ಅಳಿಸದೆ ಇದ್ರೆ ಸಾಕು," ಎಂದಳು ಹೆಂಡತಿ.

ಸ್ಕೋವ್‌ಹಾವ್ನ್ ಎಂಬ ಆ ಬಂದರು ಊರಿನ ಶಾಲೆಗೂ ಸ್ಲೊವೇನಿಯಾದ ಒಂದು ಬೆಟ್ಟದೂರಿನ ಶಾಲೆಗೂ ಬಹಳ ವರ್ಷಗಳ ಗೆಳೆತನ. ಪ್ರತಿ ವಸಂತಕ್ಕೂ ಇಲ್ಲಿಯ ಮಕ್ಕಳು ಅಲ್ಲಿಗೆ, ಅಲ್ಲಿಯ ಮಕ್ಕಳು ಇಲ್ಲಿಗೆ. ಬೀಗರ ಮನೆಯ ಹಾಗೆ ಹೋಗಿಬರುವ ಬಳಕೆ. ಈ ಸಲ ಹೊರಟಿದ್ದು ಪ್ರೇಬನ್‌ನ ಒಬ್ಬಳೇ ಮಗಳು ಟೂರಾ. "ನಮ್ಮ ಟೂರಾ ಟೂರಿಗೆ ಹೋದ್ಲು!" ಎಂದು ತಾನೇ ಜೋಕು ಹೇಳಿ, ತಾನೇ ನಕ್ಕು, ಆಮೇಲೆ ಅವಳ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡಿದ್ದ. ಹೆಂಡತಿ ನೋಡಿದಾಗ "ಬರ್ಚ್ ಮರದ ಪರಾಗ, ಅಲರ್ಜಿ" ಎಂದ. ಟೂರಾ ಯಾರ ಮನೆಗೆ ಹೋಗಿದ್ದಳೋ ಆ ಮನೆಯ ಹುಡುಗಿ, ಹದಿನಾರರ ನೇಜಾ, ಇಂದು ಇವರ ಮನೆಗೆ ಬರುವವಳು.

"ಮಧ್ಯಾಹ್ನದಿಂದ ನನಗೆ ಆಸ್ಪತ್ರೆ ಡ್ಯೂಟಿ. ಹುಡುಗಿ ಫೋಟೋ ಕಳಿಸಿದ್ದಾರೆ, ನೋಡ್ಕೊಂಡು ಹೋಗು," ಎಂದಳು ಕಿರ್ಸ್ಟನ್.

"ಫೋಟೋ? ನನಗೆ?" ಪ್ರೇಬನ್ ಎದೆ ಉಬ್ಬಿಸಿದ. ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದ ಮಹಾಗುರು ಅವನು. "ಮೊದಲು ಕನ್ನಡಿ ನೋಡು!" ಎಂದು ಅವನ ಬಾಯಲ್ಲಿ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರು ಆ ಊರಲ್ಲಿಲ್ಲ. "ಮುಖ ನೋಡಿದ ತಕ್ಷಣ ವಯಸ್ಸು, ಸ್ವಭಾವ, ಬ್ರೇಕ್ ಎಷ್ಟು ಜೋರಾಗಿ ಒತ್ತುತ್ತಾರೆ, ಎಲ್ಲಾ ಹೇಳ್ತೀನಿ. ಫೋಟೋ ಅಂತೆ!"

ಸಂಜೆ ಶಾಲೆಯ ಮುಂದೆ ಬಸ್ಸು ಬಂತು. ಪ್ರೇಬನ್ ಟೇಬಲ್ಲಿನಷ್ಟು ದೊಡ್ಡ ರಟ್ಟಿನ ಮೇಲೆ 'ನೇಜಾ' ಎಂದು ಬರೆದು ಎತ್ತಿ ಹಿಡಿದಿದ್ದ. ಬಾಗಿಲು ತೆರೆಯಿತು. ಮೊದಲು ಇಳಿದದ್ದು ಒಂದು ಪುಟ್ಟ ಜೀವ: ಹಸಿರು ಮಳೆಕೋಟು, ತಲೆಯ ಮೇಲೆ ಟೋಪಿ, ತನಗಿಂತ ದೊಡ್ಡ ಬೆನ್ನುಚೀಲ, ಸುಣ್ಣದಂತೆ ಬಿಳಿಚಿದ ಮುಖ.

"ನೇಜಾ?" ಎಂದು ಅವನು ಇಂಗ್ಲಿಷಿನಲ್ಲಿ ಗರ್ಜಿಸಿದ. ಅವನ ಇಂಗ್ಲಿಷಿಗೆ ಎರಡೇ ಗೇರು: ಜೋರು, ಇನ್ನೂ ಜೋರು.

ಆಕೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಲೆಯಾಡಿಸಿದಳು. ಹಡಗು, ಬಸ್ಸು ಎರಡೂ ಸೇರಿ ಹೊಟ್ಟೆ ತೊಳಸಿಹಾಕಿದ್ದವು. ಪ್ರೇಬನ್ ಚೀಲ ಕಸಿದುಕೊಂಡ, ಆಕೆಯನ್ನು ಕಾರಿಗೆ ಹತ್ತಿಸಿದ, ಬುರ್ರೆಂದು ಹೊರಟ.

ಆಕೆಯ ಹೆಸರು ನೇಜಾ ಎಂಬುದು ನಿಜವೇ. ಆದರೆ ಆಕೆ ವಿದ್ಯಾರ್ಥಿನಿಯಲ್ಲ. ಮಕ್ಕಳ ಜೊತೆ ಬಂದ ಗಣಿತದ ಟೀಚರ್! ಆಕೆಯನ್ನು ಕರೆದೊಯ್ಯಲು ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕರೊಬ್ಬರು ಬರಬೇಕಾಗಿತ್ತು. ಅವರು ಮರೆಗುಳಿ, ತಡವಾಗಿ ಹೊರಟಿದ್ದರು. "ನೀನು ಹೋಗಿ ಮಲಗು ತಾಯಿ, ಮಕ್ಕಳನ್ನು ನಾನು ಒಪ್ಪಿಸ್ತೀನಿ," ಎಂದು ಹಿರಿಯ ಮಾಸ್ತರು ಬೊಗೊಮಿರ್ ಬಸ್ಸಿನಲ್ಲೇ ಹೇಳಿದ್ದರಿಂದ, ತನ್ನ ಹೆಸರು ಹಿಡಿದು ನಿಂತವರೇ ತನ್ನ ಆತಿಥೇಯರು ಎಂದು ಆಕೆ ನಂಬಿ ಕಾರು ಹತ್ತಿದ್ದಳು. ಇತ್ತ ನಿಜವಾದ ಚಿಕ್ಕ ನೇಜಾ ಸೀಟಿನಡಿ ಉರುಳಿಹೋದ ಕೊಳಲು ಹುಡುಕಿಕೊಂಡು ಎಲ್ಲರಿಗಿಂತ ಕೊನೆಗೆ ಇಳಿದಳು. ಇಳಿದು ನೋಡಿದರೆ, ಅವಳಿಗಾಗಿ ಯಾರೂ ಇಲ್ಲ.

ಮನೆಯಲ್ಲಿ ಪ್ರೇಬನ್‌ನ ಉಪಚಾರ ಶುರುವಾಯಿತು. "ಕಾಲುಚೀಲ ಒದ್ದೆಯಾಗಿದೆ, ತೆಗಿ! ಇದು ಬಿಸಿ ಹಾಲು, ಕುಡಿ! ಫೋನು ಈ ಡಬ್ಬಿಗೆ ಹಾಕು, ಊಟ ಆಗೋವರೆಗೂ ಫೋನಿಲ್ಲ, ಇದು ಮನೆ ನಿಯಮ. ನೋಡು, ನಂದೂ ಹಾಕ್ತೀನಿ!" ಎರಡೂ ಫೋನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಬಿದ್ದವು. ಮುಚ್ಚಳ ಟಪ್ಪೆಂದು ಕೂತಿತು, ಡಬ್ಬಿ ಹೊರಬಾಗಿಲ ಬಳಿಯ ಕಪಾಟು ಸೇರಿತು.

ಡ್ಯಾನಿಶ್ ಜನರ ಶಿಸ್ತೇ ಶಿಸ್ತು ಎಂದುಕೊಂಡಳು ನೇಜಾ ಟೀಚರ್. ಆದರೂ ಒಂದು ಮಾತು ಹೇಳಿಬಿಡೋಣ ಎನಿಸಿತು.

"ಸರ್, ನಾನು ಟೀಚರ್..."

"ಭೇಷ್!" ಪ್ರೇಬನ್ ಆಕೆಯ ಬೆನ್ನು ತಟ್ಟಿದ. "ಟೀಚರ್ ಆಗಬೇಕು ಅಂತ ಆಸೆನಾ? ಒಳ್ಳೇದು ಮಗಳೇ! ನಾನೂ ಟೀಚರೇ. ಆದ್ರೆ ಮೊದ್ಲು ಶಾಲೆ ಪರೀಕ್ಷೆ ಪಾಸ್ ಮಾಡು. ಲೆಕ್ಕದಲ್ಲಿ ಹೇಗಿದ್ದೀಯ?"

"ಲೆಕ್ಕ... ಪರವಾಗಿಲ್ಲ," ಎಂದಳು ಗಣಿತದಲ್ಲಿ ಚಿನ್ನದ ಪದಕ ಪಡೆದವಳು.

"ಕಷ್ಟ ಆದ್ರೆ ನನ್ನನ್ನ ಕೇಳು. ಸಂಕೋಚ ಬೇಡ."

ಆಕೆಗೆ ನಗು ಬಂತು. ಅದನ್ನು ಹಾಲಿನ ಲೋಟದಲ್ಲಿ ಅಡಗಿಸಿಕೊಂಡಳು. ಟೂರಾಳ ಹಾಸಿಗೆಯಲ್ಲಿ ಟೋಪಿಯನ್ನೂ ತೆಗೆಯದೆ ಒರಗಿದವಳಿಗೆ ಪುಕ್ಕದ ಹೊದಿಕೆ ಹೊದಿಸಿ, ಅಂಚನ್ನು ಕಾಲಡಿ ಮಡಚಿ, "ಅಮ್ಮನ ನೆನಪು ಬಂದ್ರೆ ಅಳು, ನಾನೇನೂ ತಪ್ಪು ತಿಳ್ಕೊಳಲ್ಲ," ಎಂದ ಪ್ರೇಬನ್. ಆಕೆಯ ಅಮ್ಮ ಹೋಗಿ ವರ್ಷಗಳೇ ಆಗಿದ್ದವು. ಅಷ್ಟು ವರ್ಷದಲ್ಲಿ ಆಕೆಯ ಕಾಲಡಿ ಹೊದಿಕೆ ಮಡಚಿದವರು ಯಾರೂ ಇರಲಿಲ್ಲ. ಆಕೆ ಒಂದಿಷ್ಟು ಅತ್ತಳು, ಆಮೇಲೆ ಗಾಢವಾಗಿ ನಿದ್ದೆಹೋದಳು.

ಕೆಳಗೆ ಪ್ರೇಬನ್ ಆಲೂಗಡ್ಡೆ ಸುಲಿಯುತ್ತ ಕುಳಿತ. ಮೇಲಿನ ಕೋಣೆಯಲ್ಲಿ ಮಂಚ ಕಿರ್ರೆಂದಿತು. ನಿನ್ನೆಯಿಂದ ಆ ಸದ್ದೇ ಇರಲಿಲ್ಲವಲ್ಲ! ಪರಾಗ ಮತ್ತೆ ಅವನ ಕಣ್ಣಿಗೆ ಬಿತ್ತು.

ಸಾರು ಕುದಿಯುವ ಹೊತ್ತಿಗೆ ಪಕ್ಕದ ಮನೆಯ ಗುದ್ರೂನ್ ಅಜ್ಜಿ ಸೈಕಲ್ಲಿನಿಂದ ಇಳಿಯುತ್ತಲೇ ಕೂಗಿದಳು: "ಲೋ ಪ್ರೇಬನ್! ನಿನ್ನ ಫೋನಿಗೇನಾಗಿದೆ? ಊರೆಲ್ಲಾ ಗೋಳಾಡ್ತಿದೆ! ಸ್ಲೊವೇನಿಯಾದಿಂದ ಬಂದ ಟೀಚರ್ ನಾಪತ್ತೆ!"

"ಏನು?"

"ಹೌದಪ್ಪ! ಕರ್ಕೊಂಡು ಹೋಗ್ಬೇಕಿದ್ದ ಆರ್ಗನ್ ಮುದುಕರು ಇನ್ನೂ ಬಂದೇ ಇಲ್ಲ, ಅಷ್ಟರೊಳಗೆ ಯಾವನೋ ಕಾರಲ್ಲಿ ಕೂರಿಸ್ಕೊಂಡು ಹೋದನಂತೆ. ಪೊಲೀಸ್ ಬಂದಿದ್ದಾರೆ, ಬಂದರಲ್ಲಿ ದೋಣಿ ಇಳಿಸ್ತಿದ್ದಾರೆ. ಸಾಲದ್ದಕ್ಕೆ ಒಂದು ಹುಡುಗೀನ ಯಾರೂ ಕರ್ಕೊಂಡು ಹೋಗಿಲ್ಲ. ಪಾಪ, ಶಾಲೆ ಮೆಟ್ಟಿಲ ಮೇಲೆ ಕೂತು ಅಳ್ತಿದೆ."

"ಮಗುವನ್ನ ಮರೆತುಬಿಟ್ರಾ? ಎಂಥಾ ಅಪ್ಪ ಅವನು? ನನ್ನ ಕೈಗೆ ಸಿಗಲಿ!" ಪ್ರೇಬನ್ ಮುಷ್ಟಿ ಬಿಗಿಹಿಡಿದು ಮೆಟ್ಟಿಲು ಹತ್ತಿದ. "ಏಳು ಮಗಳೇ! ಗಾಬರಿ ಆಗ್ಬೇಡ. ನಿಮ್ಮ ಟೀಚರ್ ಕಳೆದುಹೋಗಿದ್ದಾರೆ!"

ನೇಜಾ ಟೀಚರ್ ದಿಗ್ಗನೆ ಎದ್ದಳು. ತಾನು ಇಲ್ಲೇ ಇದ್ದೇನೆ; ಅಂದಮೇಲೆ ಕಳೆದುಹೋದದ್ದು ಬೊಗೊಮಿರ್ ಮಾಸ್ತರೇ! "ಅಯ್ಯೋ ದೇವರೇ! ಅವರಿಗೆ ವಯಸ್ಸಾಗಿದೆ, ಸಮುದ್ರ ಕಂಡ್ರೆ ಹುಚ್ಚು, ಈಜು ಬರಲ್ಲ!"

"ಮುದುಕರಾ?" ಪ್ರೇಬನ್ ಕಾರಿನ ಕೀ ಎಳೆದುಕೊಂಡ. "ಹಾಗಾದ್ರೆ ಬಂದರಿಗೆ!"

ಹೀಗೆ ಊರೆಲ್ಲ ಒಬ್ಬ ತರುಣಿಯನ್ನು ಹುಡುಕುತ್ತಿದ್ದಾಗ, ಆ ತರುಣಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಪ್ರೇಬನ್ ಒಬ್ಬ ಮುದುಕರನ್ನು ಹುಡುಕಲು ಹೊರಟ!

ವಸಂತದ ಸಂಜೆ, ಬೆಳಕು ಇನ್ನೂ ಹಾಗೇ ಇತ್ತು. ದೋಣಿ ಕಟ್ಟುವ ದಕ್ಕೆಯ ತುತ್ತತುದಿಯಲ್ಲಿ ಹ್ಯಾಟು ಹಾಕಿದ ಒಬ್ಬ ಮುದುಕರು ನೀರಿನತ್ತ ಬಾಗಿ ಏನೋ ಕೂಗುತ್ತಿದ್ದರು. ನೇಜಾ ಟೀಚರ್ "ಅವರೇ!" ಎಂದು ಚೀರಿದಳು. ಪ್ರೇಬನ್ ಕಾರಿನಿಂದ ಹಾರಿ ಓಡಿದ. "ಹಾರಬೇಡಿ ಸ್ವಾಮಿ!" ಎನ್ನುತ್ತ ಹಿಂದಿನಿಂದ ಅವರ ಸೊಂಟ ತಬ್ಬಿ ಎತ್ತಿಯೇಬಿಟ್ಟ. ಹ್ಯಾಟು ಸಮುದ್ರ ಸೇರಿತು. ಕಳೆದುಹೋದ ಸಹೋದ್ಯೋಗಿಗಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಬೊಗೊಮಿರ್ ಮಾಸ್ತರು ಗಾಳಿಯಲ್ಲಿ ಕಾಲು ಬಡಿಯುತ್ತ ತಿರುಗಿ ನೋಡಿದರು. ಕಂಡದ್ದು ನೇಜಾ! ಇಬ್ಬರೂ ತಬ್ಬಿಕೊಂಡು ಗೊಳೋ ಎಂದು ಅತ್ತರು. "ಎಲ್ಲಿ ಹೋಗಿದ್ದೆ ತಾಯಿ?" "ನೀವೆಲ್ಲಿ ಹೋಗಿದ್ರಿ?" ಅವರ ಭಾಷೆ ತಿಳಿಯದ ಪ್ರೇಬನ್, ಗುರು ಶಿಷ್ಯೆಯ ಈ ಪ್ರೀತಿ ಕಂಡು ತಾನೂ ಕಣ್ಣೊರೆಸಿಕೊಂಡ.

ಇಬ್ಬರನ್ನೂ ಕರೆದುಕೊಂಡು ಅವನು ಶಾಲೆಗೆ ಬಂದಾಗ ಅಂಗಳದಲ್ಲಿದ್ದ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಪ್ರೇಬನ್ ದಂಡಯಾತ್ರೆ ಗೆದ್ದು ಬಂದ ದಳಪತಿಯಂತೆ ಕೈ ಎತ್ತಿದ. ಆಗ ಕಣ್ಣಿಗೆ ಬಿದ್ದಳು, ಮೆಟ್ಟಿಲ ಮೇಲೆ ಕೂತ ಹುಡುಗಿ. ಮಡಿಲಲ್ಲಿ ಕೊಳಲಿನ ಪೆಟ್ಟಿಗೆ, ಕೈಯಲ್ಲಿ ಯಾರೋ ಕೊಟ್ಟ ಬನ್ನು, ಅತ್ತು ಕೆಂಪಾದ ಮೂಗು.

"ಯಾರು ಇವಳನ್ನ ಮರೆತೋರು?" ಪ್ರೇಬನ್ ಇಡೀ ಅಂಗಳಕ್ಕೆ ಕೇಳುವಂತೆ ಗುಡುಗಿದ. "ಪರದೇಶದ ಮಗು! ನಮ್ಮನ್ನ ನಂಬಿ ಕಳಿಸಿದ್ದಾರೆ! ಆ ಮನುಷ್ಯನಿಗೆ ಮನುಷ್ಯತ್ವ ಇದೆಯಾ? ಹೆಸರು ಹೇಳಿ, ನಾನು ಮಾತಾಡ್ತೀನಿ!"

ಮುಖ್ಯೋಪಾಧ್ಯಾಯಿನಿ ರಾಗ್ನಿಲ್ ಹತ್ತಿರ ಬಂದಳು. "ಹುಡುಗಿ ಹೆಸರು ನೇಜಾ."

"ಇರಬಹುದು. ನಮ್ಮವಳೂ ನೇಜಾನೇ."

"ನಿಮ್ಮವಳಿಗೆ ವಯಸ್ಸೆಷ್ಟು ಪ್ರೇಬನ್?"

"ಹದಿನಾರು!" ಎಂದು ಅವನು ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದ. ಟೀಚರ್ ಟೋಪಿ ತೆಗೆದಿದ್ದಳು. ಸಂಜೆಯ ಓರೆಬಿಸಿಲಲ್ಲಿ ಆಕೆಯ ಕಿವಿಯ ಬಳಿ ಒಂದು ಬಿಳಿಕೂದಲು ಮಿನುಗಿತು.

"ಮೂವತ್ತೊಂದು," ಎಂದಳು ಆಕೆ ಮೆಲ್ಲಗೆ. "ನಾನು ಆಗಲೇ ಹೇಳಿದ್ನಲ್ಲ ಸರ್. ನಾನು ಟೀಚರ್."

ಒಂದು ಕಾಲದಲ್ಲಿ ಪ್ರೇಬನ್‌ನ ಬಳಿ ಬೈಸಿಕೊಂಡೇ ಡ್ರೈವಿಂಗ್ ಕಲಿತಿದ್ದ ರಾಗ್ನಿಲ್, ಈ ದಿನಕ್ಕಾಗಿ ಎಷ್ಟು ವರ್ಷ ಕಾದಿದ್ದಳೋ, ಅವನ ಭುಜದ ಮೇಲೆ ಕೈಯಿಟ್ಟಳು. "ಮರೆತ ಮನುಷ್ಯನ ಜೊತೆ ಮಾತಾಡಬೇಕು ಅಂದ್ರಲ್ಲ ಪ್ರೇಬನ್? ಮೊದಲು ಕನ್ನಡಿ ನೋಡಿ!"

ಊರಿಗೆ ಊರೇ ನಕ್ಕಿತು. ಪೊಲೀಸಿನವನು ನಕ್ಕ. ಆಗಷ್ಟೇ ಬಂದಿದ್ದ ಆರ್ಗನ್ ಮುದುಕರು ವಿಷಯ ಏನೆಂದು ತಿಳಿಯದೆಯೇ ನಕ್ಕರು. ನಗದೆ ಉಳಿದವರು ಇಬ್ಬರೇ: ಪ್ರೇಬನ್, ಮತ್ತೆ ಮೆಟ್ಟಿಲ ಮೇಲಿನ ಹುಡುಗಿ.

ಪ್ರೇಬನ್ ಹೋಗಿ ಅವಳ ಪಕ್ಕದಲ್ಲಿ ಕೂತ. ಅವನ ಇಂಗ್ಲಿಷಿಗೆ ಜನ್ಮದಲ್ಲಿ ಮೊದಲ ಸಲ ಒಂದು ಮೆಲ್ಲನೆಯ ಗೇರು ಬಿತ್ತು.

"ನನ್ನ ಮಗಳು ನಿಮ್ಮನೇಲಿದ್ದಾಳೆ. ಅವಳಿಳಿಯೋ ಮುಂಚೇನೇ ನಿಮ್ಮಪ್ಪ ಮಳೇಲಿ ಬಂದು ನಿಂತಿದ್ರಂತೆ. ಅವಳ ಚೀಲ, ಅವಳ ಶೂ, ಎಲ್ಲಾ ಅವರೇ ಹೊತ್ಕೊಂಡು ಹೋದ್ರಂತೆ. ನಾನು... ನಿನ್ನ ಫೋಟೋನೂ ನೋಡ್ಲಿಲ್ಲ." ಮತ್ತೆ ಮೂಗು ಒರೆಸಿಕೊಂಡ. "ಬೇರೆ ಮನೆ ಬೇಕು ಅಂದ್ರೆ ಹೇಳು ಮಗೂ. ನಾನೇನೂ ತಪ್ಪು ತಿಳ್ಕೊಳಲ್ಲ."

ಹುಡುಗಿ ಅವನನ್ನು ಬಹಳ ಹೊತ್ತು ಪರೀಕ್ಷಕರಂತೆ ನೋಡಿದಳು. ಬನ್ನನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು. "ಮನೇಲಿ ಊಟಕ್ಕೇನು?" ಎಂದಳು.

ಪ್ರೇಬನ್ ಎದೆ ಹಿಡಿದುಕೊಂಡ. ಒಲೆಯ ಮೇಲಿನ ಸಾರು!

ಸಾರು ಇದ್ದಿಲಾಗಿತ್ತು. ಗುದ್ರೂನ್ ಅಜ್ಜಿ ಒಲೆ ಆರಿಸಿ, ಕಿಟಕಿ ತೆರೆದು, ತನ್ನ ಮನೆಯಿಂದ ಮೀನಿನ ವಡೆ ತಂದಿಟ್ಟಿದ್ದಳು. ಟೇಬಲ್ಲಿನ ಸುತ್ತ ಇಬ್ಬರು ನೇಜಾ. ಏಕೆಂದರೆ ಆರ್ಗನ್ ಮುದುಕರು "ನಮ್ಮನೇಲಿ ಹಾಸಿಗೆ ಹಾಕೋದೇ ಮರೆತುಹೋಗಿತ್ತು" ಎಂದಾಗ, ಟೀಚರ್ ತಾನೇ ಪ್ರೇಬನ್‌ನ ಕಾರು ಹತ್ತಿ ಕುಳಿತಿದ್ದಳು.

"ಮೇಡಂ, ನೀವು ಇನ್ನೊಂದು ವಡೆ ತಗೊಳ್ಳಬೇಕು," ಎಂದ ಪ್ರೇಬನ್, ನಾಚಿ ನೀರಾಗಿ.

"ಆಗಲೇ ಮಗಳೇ ಅಂತಿದ್ರಲ್ಲ," ಎಂದಳು ಟೀಚರ್, ತಟ್ಟೆ ನೋಡುತ್ತ. "ಅದೇ ಚೆನ್ನಾಗಿತ್ತು."

ಡ್ಯೂಟಿ ಮುಗಿಸಿ ಬಂದ ಕಿರ್ಸ್ಟನ್ ಬಾಗಿಲಲ್ಲೇ ನಿಂತಳು. ಸುಟ್ಟ ವಾಸನೆ ಮೂಸಿದಳು. ಇಬ್ಬರನ್ನೂ ಎಣಿಸಿದಳು. "ಒಂದು ಹುಡುಗಿ ಕರ್ಕೊಂಡು ಬಾ ಅಂದಿದ್ದೆ. ಇದೇನು, ಒಂದು ಕೊಂಡ್ರೆ ಒಂದು ಉಚಿತಾನಾ?"

ಅಷ್ಟರಲ್ಲಿ ಅವಳ ಪಕ್ಕದ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿ ಗಡಗಡ ನಡುಗಿತು. ಟೂರಾಳ ಕರೆ! "ಅಪ್ಪಾ, ಎಲ್ಲಿ ಹಾಳಾಗಿಹೋಗಿದ್ದೆ? ನೇಜಾಳ ಅಮ್ಮ ಇಲ್ಲಿ ಉಗುರು ಕಚ್ಚುತ್ತಾ ಕೂತಿದ್ದಾರೆ. ಅವಳು ತಲುಪಿದ್ಲಾ?"

ಪ್ರೇಬನ್ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಚಿಕ್ಕ ನೇಜಾ ಫೋನು ಕಸಿದುಕೊಂಡು ತನ್ನ ಭಾಷೆಯಲ್ಲಿ ಪಟಪಟನೆ ಏನೇನೋ ಹೇಳಿದಳು. ಅತ್ತಲಿಂದ ಒಂದು ಹೆಣ್ಣುದನಿ ಮೊದಲು ಗಾಬರಿಯಾಯಿತು, ಆಮೇಲೆ ಬಿದ್ದು ಬಿದ್ದು ನಕ್ಕಿತು.

"ಏನಂದ್ಲು? ದೂರು ಹೇಳಿದ್ಲಾ?" ಪ್ರೇಬನ್ ಟೀಚರಿನ ಕಿವಿಯಲ್ಲಿ ಕೇಳಿದ.

ಟೀಚರ್ ನಗು ನುಂಗಿಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದಳು: "'ಹೆದರ್ಬೇಡ ಅಮ್ಮಾ. ಇಲ್ಲಿಯ ಅಪ್ಪ ತುಂಬಾ ಒಳ್ಳೆಯವರು. ಹೊರಗೆ ಬಿಟ್ರೆ ಕಳೆದುಹೋಗ್ತಾರೆ, ಅಷ್ಟೇ. ಇನ್ನು ನಾನು ಬಂದಿದ್ದೀನಲ್ಲ, ನೋಡ್ಕೋತೀನಿ.'"