ಪಡಖಾನೆಯ ದಾಖಲಿತ ಸಂಖ್ಯೆ

ಕುಡಿದು ಬಿದ್ದು ಗಾಯ ಮಾಡಿಕೊಂಡವನಿಗೆ ಬುದ್ಧಿಮಾತು ಹೇಳಲು ಅತ್ಯಂತ ಪ್ರಶಸ್ತವಾದ ಕಾಲವೆಂದರೆ ಅವನು ಆಸ್ಪತ್ರೆಯಿಂದ ಹೊರಟುಹೋದ ನಂತರದ್ದು ಎಂಬುದು ಸಕ್ವಾಸೆಟ್ ಬಂದರು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ಸತ್ಯ. ಒಳಗಿರುವಾಗ ಅವನ ಬಾಯಲ್ಲಿ ಉಷ್ಣಮಾಪಕವಿರುತ್ತದೆ, ಹಾಸಿಗೆಗಾಗಿ ಮುಂದಿನವನು ಕಾಯುತ್ತಿರುತ್ತಾನೆ. ಆದಕಾರಣ ಗಾಯಾಳುವು ಹೊರಬಿದ್ದ ಹತ್ತನೆಯ ದಿನದಿಂದ ಅವನಿಗೆ ಮೂರು ಬಾರಿ ದೂರವಾಣಿಯ ಮೂಲಕ ಸಮಾಲೋಚನೆ ನೀಡತಕ್ಕದ್ದೆಂದು ತೀರ್ಮಾನವಾಗಿ, ಎರಡನೆಯ ಮಹಡಿಯಲ್ಲಿ, ಹಿಂದೆ ಊರುಗೋಲುಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ, ಅಪಾಯಕಾರಿ ಮದ್ಯಪಾನ ನಿಯಂತ್ರಣ ದೂರವಾಣಿ ಘಟಕವು ಅಸ್ತಿತ್ವಕ್ಕೆ ಬಂದಿತು. ಘಟಕದಲ್ಲಿ ಒಂದು ಫೋನು, ಕರೆಗಳನ್ನು ಮುದ್ರಿಸಿಕೊಂಡು ಉತ್ತರಗಳನ್ನು ದಾಖಲಿಸುವ ಒಂದು ಯಂತ್ರ ಮತ್ತು ಇಲ್ಡಾ ಅರೂಡಾ ಎಂಬ ಸಮಾಲೋಚಕಿ ಇದ್ದರು.

ಇಲ್ಡಾಳಿಗೆ ತನ್ನ ಕೆಲಸದಲ್ಲಿ ನಂಬಿಕೆಯಿತ್ತು. ಈ ದೋಷವನ್ನು ಘಟಕದ ನಿರ್ದೇಶಕರಾದ ಡಾಕ್ಟರ್ ಹ್ಯಾಸ್ಕೆಲ್ ಅವರು ಆರಂಭದಲ್ಲೇ ಗಮನಿಸಿದ್ದರೂ, ಕಾಲಕ್ರಮೇಣ ಸರಿಹೋಗುವುದೆಂದು ಕ್ಷಮಿಸಿದ್ದರು.

ಬಂದರಿನ ಜನ ಸಮುದ್ರಕ್ಕೆ ಹೋದರೆ ಹತ್ತು ಹನ್ನೆರಡು ದಿನ ಮರಳುವುದಿಲ್ಲ. ಮರಳಿದರೂ ಇಂದು ತಂಗಿಯ ಮನೆ, ನಾಳೆ ದೋಣಿಯ ಹಲಗೆ. ಹೀಗಾಗಿ ಯಾರಾದರೂ ನಿನ್ನ ಫೋನ್ ಸಂಖ್ಯೆ ಏನೆಂದು ಕೇಳಿದರೆ, ಅಪ್ಪಂದಿರ ಕಾಲದಿಂದಲೂ, ಅವರು ಹೇಳುತ್ತಿದ್ದುದು ದೋಣಿಗಳು ನಿಲ್ಲುವ ಧಕ್ಕೆಯ ಎದುರಿನ ‘ಲಂಗರು’ ಪಡಖಾನೆಯ ಸಂಖ್ಯೆಯನ್ನು. ಸೀಸೆಗಳ ಕಪಾಟಿನ ಪಕ್ಕದ ಗೋಡೆಯ ಮೇಲಿದ್ದ ಆ ಹಸಿರು ಫೋನಿನಲ್ಲೇ ಊರಿನ ಎಷ್ಟೋ ಹೆರಿಗೆ, ಸಾವು, ವಿಚ್ಛೇದನಗಳ ಸುದ್ದಿ ಬಂದಿತ್ತು. ಅದನ್ನೆತ್ತಿ ಮಾತಾಡುತ್ತಿದ್ದವಳು ಪಡಖಾನೆಯ ಒಡತಿ ಫಿಲೊಮಿನಾ ಕಬ್ರಾಲ್. ಚಿಪ್ಪುಮೀನಿನ ದೋಣಿಯ ಕೆಲಸಗಾರ ಡ್ಯೂಯಿ ಲೆಟೂರ್ನೊ ಏಳು ಬಿಯರು ಮುಗಿಸಿ ಧಕ್ಕೆಯಿಂದ ಮಂಜುಗಡ್ಡೆಯ ತೊಟ್ಟಿಗೆ ಬಿದ್ದು ಕೊರಳೆಲುಬು ಮುರಿದುಕೊಂಡು ತುರ್ತು ವಿಭಾಗಕ್ಕೆ ಬಂದಾಗ, ಗುಮಾಸ್ತರು ಸಂಖ್ಯೆ ಕೇಳಿದರು. ಅವನು ಎಲ್ಲರಂತೆ ಲಂಗರಿನದನ್ನೇ ಹೇಳಿದ. ಘಟಕದ ನಿಯಮ ನಾಲ್ಕರ ಪ್ರಕಾರ ಗಾಯಗೊಂಡ ಸ್ಥಿತಿಯಲ್ಲಿ ನೀಡಿದ ಸಂಖ್ಯೆಯೇ ‘ದಾಖಲಿತ ಸಂಖ್ಯೆ’. ರೋಗಿಯ ಖಾಸಗಿತನದ ರಕ್ಷಣೆಗಾಗಿ ಬೇರಾವ ಸಂಖ್ಯೆಗೂ ಕರೆ ಮಾಡುವಂತಿರಲಿಲ್ಲ.

ಮೊದಲ ಕರೆಯ ದಿನ ಫೋನೆತ್ತಿದ ಫಿಲೊಮಿನಾ, “ಡ್ಯೂಯಿನಾ? ಇಲ್ಲೇ ಬಿದ್ದಿದಾನೆ. ಯಾರಮ್ಮ ನೀನು, ಹೆಂಡ್ತಿಯಾದ್ರೆ ಇಲ್ಲ ಅಂತ ಹೇಳ್ಬೇಕಂತೆ” ಎಂದಳು.

“ನಾನು ಆಸ್ಪತ್ರೆಯವಳು.”

“ಹಾಗಾದ್ರೆ ಪರ್ವಾಗಿಲ್ಲ. ಏಯ್ ಡ್ಯೂಯಿ, ನಿನ್ನ ಮೂಳೆ ಮಾತಾಡ್ಬೇಕಂತೆ, ಬಾರೋ.”

ಇಲ್ಡಾ ಕ್ರಮಬದ್ಧವಾಗಿ ಪ್ರಶ್ನೆ ಓದಿದಳು. ಕುಡಿತ ಕಡಿಮೆ ಮಾಡಬೇಕೆಂಬ ಮನಸ್ಸು ಒಂದರಿಂದ ಹತ್ತರ ಅಳತೆಯಲ್ಲಿ ಎಷ್ಟಿದೆ? ಮೂರು ಎಂದ ಡ್ಯೂಯಿ. ಯಾಕೆ ಒಂದಲ್ಲ ಎಂದು ಕೇಳುವುದು ಮುಂದಿನ ಪ್ರಶ್ನೆ. ಲೋಟಗಳ ಸದ್ದಿನ ನಡುವೆ ಡ್ಯೂಯಿಯ ದನಿ ತಗ್ಗಿತು.

“ನಾನು ಬಿದ್ದಾಗ ಯಾರೂ ನಗ್ಲಿಲ್ಲ ಮೇಡಂ. ಮೊದ್ಲೆಲ್ಲ ಬಿದ್ರೆ ನಗ್ತಿದ್ರು. ಈ ಸಲ ಮಾತಾಡ್ತಾ ಇದ್ದವರು ಮಾತು ಕೂಡ ನಿಲ್ಲಿಸ್ಲಿಲ್ಲ.”

ಇಲ್ಡಾ ಕಾಗದವನ್ನು ಬದಿಗಿಟ್ಟು ನಲವತ್ತು ನಿಮಿಷ ಮಾತಾಡಿದಳು. ಕರೆಯ ಮಿತಿ ಹನ್ನೆರಡು ನಿಮಿಷವಾದ್ದರಿಂದ ಅವಳಿಗೆ ಒಂದು ಸೌಮ್ಯವಾದ ಎಚ್ಚರಿಕೆಪತ್ರ ಬಂದಿತು. ಡ್ಯೂಯಿ ಮಾತ್ರ ಮರುದಿನವೇ ಬಟ್ಟೆ ಒಗೆಯುವ ಅಂಗಡಿಯ ಮೇಲೊಂದು ಕೋಣೆ ಹಿಡಿದ, ಕಾಫಿ ಬೆರೆಸಿದ ಹಾಲಿಗೆ ಇಳಿದ, ಲಂಗರಿನ ಬೀದಿಯನ್ನು ಬಿಟ್ಟು ಸುತ್ತುಬಳಸಿನ ದಾರಿಯಲ್ಲಿ ಓಡಾಡತೊಡಗಿದ.

ಎರಡನೆಯ ಕರೆಗೆ ಫಿಲೊಮಿನಾ ಕೊಟ್ಟ ಉತ್ತರ ಹೀಗಿತ್ತು: “ಅವನು ಬಂದು ಹನ್ನೊಂದು ದಿನ ಆಯ್ತಮ್ಮ. ನೀನೇ ಏನೋ ಹೇಳಿ ಕೆಡಿಸಿದ್ದೀಯ ಅಂತಾರೆ ಇಲ್ಲಿ.”

ಇಲ್ಡಾಳಿಗೆ ಆದ ಸಂತೋಷಕ್ಕೆ ಯಂತ್ರದಲ್ಲಿ ಕಲಂ ಇರಲಿಲ್ಲ. ಯಂತ್ರ ‘ಸಂಪರ್ಕಕ್ಕೆ ಸಿಗದ ರೋಗಿ: ಕಾರ್ಯಕ್ರಮ ವಿಫಲ’ ಎಂದು ಬರೆದುಕೊಂಡಿತು.

ಡಾಕ್ಟರ್ ಹ್ಯಾಸ್ಕೆಲ್ ಅವರು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿದರು. ನಲವತ್ತೊಂದು ರೋಗಿಗಳಲ್ಲಿ ಮೂವತ್ತಾರು ಮಂದಿಯ ದಾಖಲಿತ ಸಂಖ್ಯೆ ಲಂಗರಿನದೇ ಆಗಿತ್ತು. ಪಡಖಾನೆಗೆ ತಪ್ಪದೆ ಬರುತ್ತಿದ್ದವರೆಲ್ಲ ಮೂರೂ ಕರೆಗಳನ್ನು ಶಿಸ್ತಾಗಿ ಪೂರೈಸಿದ್ದರು. ಬರುವುದನ್ನು ಬಿಟ್ಟವರಷ್ಟೇ ಕೈತಪ್ಪಿದ್ದರು.

“ಅಂಕಿಅಂಶ ಸ್ಪಷ್ಟವಾಗಿದೆ, ಇಲ್ಡಾ. ನಮ್ಮ ಯಶಸ್ಸಿಗೆ ಅಡ್ಡಿಯಾಗ್ತಾ ಇರೋದು ಗೈರುಹಾಜರಿ.”

“ಅವರು ಕುಡಿಯೋದು ಬಿಟ್ಟಿದ್ದಾರೆ ಸರ್.”

“ಅದು ನಮಗೆ ಹೇಗೆ ಗೊತ್ತು? ಅವರು ಫೋನಿಗೇ ಸಿಕ್ಕಿಲ್ಲವಲ್ಲ.”

ಮುಂದಿನ ವಾರ ಲಂಗರಿನಲ್ಲಿ ಒಂದು ಪ್ರಕಟಣೆ ಅಂಟಿಸಲಾಯಿತು: ‘ಸಮಾಲೋಚನೆಗೆ ಒಳಪಟ್ಟಿರುವ ಸಮಸ್ತ ಗಾಯಾಳುಗಳು ಗುರುವಾರದಿಂದ ಶನಿವಾರದವರೆಗೆ ಸಂಜೆ ಐದರಿಂದ ಎಂಟು ಗಂಟೆಯ ಅವಧಿಯಲ್ಲಿ ಈ ಸ್ಥಳದಲ್ಲಿ ಕಡ್ಡಾಯವಾಗಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಅವರನ್ನು ಸುಧಾರಣೆಗೆ ಅನರ್ಹರೆಂದು ಪರಿಗಣಿಸಲಾಗುವುದು.’ ಹಸಿರು ಫೋನಿನ ಸುತ್ತ ಮರದ ಮರೆ ಕಟ್ಟಲಾಯಿತು. ಫಿಲೊಮಿನಾಳನ್ನು ಗೌರವ ಸಂಯೋಜಕಿಯೆಂದು ನೇಮಿಸಿ ಎದೆಗೆ ಬಿಲ್ಲೆ ಕೊಡಲಾಯಿತು. ಅವಳು ಅದನ್ನು ಕೆಲದಿನ ಧರಿಸಿ, ಬಳಿಕ ನಿಂಬೆಹಣ್ಣಿನ ಬುಟ್ಟಿಗೆ ಸಿಕ್ಕಿಸಿದಳು.

ಇದೇ ವೇಳೆಗೆ ದೋಣಿ ಮಾಲೀಕರ ಸಂಘವು ಘಟಕದ ಕೀರ್ತಿಯನ್ನು ಕೇಳಿ, ಮೂರು ಕರೆ ಪೂರೈಸಿದ ಪ್ರಮಾಣಪತ್ರವಿಲ್ಲದ ಯಾವನೂ ಸೋಮವಾರದಿಂದ ದೋಣಿ ಹತ್ತಕೂಡದೆಂದು ಸಾರಿತು. ಡ್ಯೂಯಿಯ ಕೊರಳೆಲುಬು ಕೂಡಿತ್ತು. ಅವನ ದೋಣಿ ಹೊರಡುವುದು ಆ ಸೋಮವಾರವೇ. ಆ ದೋಣಿ ತಪ್ಪಿದರೆ ಆ ಋತುವಿಗೆ ಅವನಿಗೆ ಮತ್ತೊಂದು ಇರಲಿಲ್ಲ. ಅವನು ಕ್ಷೌರ ಮಾಡಿಸಿಕೊಂಡು, ತೊಳೆದ ಅಂಗಿ ತೊಟ್ಟು, ಬುಧವಾರ ಬೆಳಿಗ್ಗೆ ಖುದ್ದಾಗಿ ಘಟಕಕ್ಕೆ ಬಂದ.

“ಐದು ವಾರ ಆಯ್ತು ಮೇಡಂ, ಒಂದು ತೊಟ್ಟು ಮುಟ್ಟಿಲ್ಲ. ಬೇಕಾದ್ರೆ ಮೂಸಿ ನೋಡಿ.”

“ಮೂಸುವುದು ನಮ್ಮ ವಿಧಾನದಲ್ಲಿ ಸೇರಿಲ್ಲ” ಎಂದು ಡಾಕ್ಟರ್ ಹ್ಯಾಸ್ಕೆಲ್ ಬಾಗಿಲಿನಿಂದಲೇ ಹೇಳಿದರು. “ಮೇಲಾಗಿ ಇದು ದೂರವಾಣಿ ಸಮಾಲೋಚನೆ. ನೀವು ಹೀಗೆ ಎದುರಿಗೆ ಬಂದು ನಿಂತ್ರೆ ಫಲಿತಾಂಶ ಕಲುಷಿತವಾಗುತ್ತೆ.”

“ಸರಿ, ಹೊಸ ನಂಬರ್ ಬರ್ಕೊಳಿ. ಕೆಳಗೆ ಬೀದೀಲಿ ನಿಂತು ಎತ್ತೀನಿ.”

“ಸಂಖ್ಯೆ ಬದಲಾಯಿಸೋದು ತುರ್ತು ವಿಭಾಗದ ನೋಂದಣಿಯಲ್ಲಿ ಮಾತ್ರ. ಅಲ್ಲಿ ಗಾಯಾಳುಗಳನ್ನಷ್ಟೇ ನೋಂದಾಯಿಸ್ತಾರೆ.”

“ಹಂಗಾದ್ರೆ ಒಂದು ಬೆರಳು ಮುರ್ಕೊಂಡು ಬರ್ಲಾ ಸ್ವಾಮಿ?”

ಡಾಕ್ಟರು ಸ್ವಲ್ಪ ಯೋಚಿಸಿದರು. “ಕುಡಿದು ಮುರಿದುಕೊಂಡದ್ದಾಗಿರಬೇಕು” ಎಂದರು.

ಡ್ಯೂಯಿ ಇಲ್ಡಾಳ ಮುಖ ನೋಡಿದ. ಇಲ್ಡಾ ಎದ್ದು ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು. “ನಾಳೆ ಐದು ಗಂಟೆಗೆ ಲಂಗರಿನಲ್ಲಿರಿ ಡ್ಯೂಯಿ. ಸಂಜೆಯ ಮೊದಲ ಕರೆ ನಿಮಗೇ ಮಾಡ್ತೀನಿ. ಸೋಡಾ ಕುಡೀತಾ ಕೂತಿರಿ” ಎಂದಳು. ಆ ಹೊತ್ತಿಗೆ ಅದು ಅವಳಿಗೆ ಬುದ್ಧಿವಂತಿಕೆಯ ಮಾತಾಗಿಯೇ ತೋರಿತು.

ಗುರುವಾರ ಐದಕ್ಕೆ ಅವನು ಮರದ ಮರೆಯೊಳಗೆ ಸಿದ್ಧನಿದ್ದ. ಇಲ್ಡಾ ಕೇಳಿದಳು: “ಕಳೆದ ಏಳು ದಿನಗಳಲ್ಲಿ ಎಷ್ಟು ಲೋಟ ಮದ್ಯ ಸೇವಿಸಿದ್ದೀರಿ?”

“ಸೊನ್ನೆ” ಎಂದ ಡ್ಯೂಯಿ, ಬಹುಮಾನಕ್ಕೆ ಕೈಯೊಡ್ಡುವವನ ದನಿಯಲ್ಲಿ.

ಅವಳು ಸೊನ್ನೆಯನ್ನು ಒತ್ತಿದ ಕೂಡಲೇ ಕರೆ ಕಡಿಯಿತು. ಅಪಾಯಕಾರಿಯಾಗಿ ಕುಡಿಯುವವರಿಗೆ ಮೀಸಲಾದ ಸವಲತ್ತನ್ನು ಕುಡಿಯದವರು ಕಬಳಿಸಬಾರದೆಂಬ ಸದುದ್ದೇಶದಿಂದ ಯಂತ್ರವು ಸೊನ್ನೆಯನ್ನು ಒಪ್ಪದಂತೆ ಮಾಡಲಾಗಿತ್ತು. ಆ ದಿನದ ಅವನ ಸರದಿ ಮುಗಿಯಿತು.

ಶುಕ್ರವಾರ ಅವಳು ಪ್ರಶ್ನೆ ಓದುವ ಮೊದಲೇ ತಗ್ಗಿದ ದನಿಯಲ್ಲಿ ಹೇಳಿದಳು: “ಡ್ಯೂಯಿ, ಒಂದು ಅಂತ ಹೇಳಿಬಿಡಿ. ನಾನು ಬರ್ಕೋತೀನಿ.”

“ಇದನ್ನ ಯಂತ್ರ ಕೇಳಿಸ್ಕೊಳ್ತಾ ಇಲ್ವಾ ಮೇಡಂ?”

ಯಂತ್ರ ಕೇಳಿಸಿಕೊಳ್ಳುತ್ತಿತ್ತು. ಸುಳ್ಳು ಹೇಳಿ ಪಡೆದ ಪ್ರಮಾಣಪತ್ರ ಎಂದೆಂದಿಗೂ ರದ್ದಾಗುವುದೆಂದು ಪಡಖಾನೆಯ ಗೋಡೆಯ ಮೇಲೂ ಬರೆದಿತ್ತು.

“ಒಂದ್ನಿಮಿಷ ಇರಿ” ಎಂದ ಡ್ಯೂಯಿ. ಫೋನು ಹಲಗೆಯ ಮೇಲೆ ಇಳಿದ ಸದ್ದಾಯಿತು. ದೂರದಲ್ಲಿ ಫಿಲೊಮಿನಾಳ ದನಿ: “ಬೇಡ ಕಣೋ, ಐದು ವಾರ ಆಗಿದೆ.” ಅವನ ದನಿ: “ಆಸ್ಪತ್ರೆ ಕೆಲಸ ಅಕ್ಕ, ಸುರಿ.” ಅನಂತರ ಲೋಟಕ್ಕೆ ಸುರಿಯುವ ಸದ್ದು. ಇಲ್ಡಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೆಳಗಿಟ್ಟರೆ ಅವನು ದೋಣಿ ಕಳೆದುಕೊಳ್ಳುತ್ತಾನೆ, ಹಿಡಿದುಕೊಂಡಿದ್ದರೆ ಇನ್ನೊಂದನ್ನು. ಅವಳು ಹಿಡಿದುಕೊಂಡೇ ಇದ್ದಳು.

“ಹ್ಞಾಂ, ಈಗ ಬರ್ಕೊಳಿ. ಒಂದು” ಎಂದ ಡ್ಯೂಯಿ.

ಕರೆ ಹನ್ನೆರಡು ನಿಮಿಷಕ್ಕೆ ಸರಿಯಾಗಿ ಯಶಸ್ವಿಯಾಗಿ ಮುಗಿಯಿತು. ಶನಿವಾರದ ಮೂರನೆಯ ಕರೆಯಲ್ಲಿ ಅದೇ ಪ್ರಶ್ನೆಗೆ ಅವನು ಹದಿನಾಲ್ಕು ಎಂದ. ತುಸು ಹೊತ್ತಿನ ನಂತರ ಹದಿನೈದೆಂದು ತಿದ್ದಿದ. ಸಮಾಲೋಚನೆಯಲ್ಲಿ ರೋಗಿಯ ಪಾಲ್ಗೊಳ್ಳುವಿಕೆ ಗಣನೀಯವಾಗಿ ಹೆಚ್ಚಿದೆಯೆಂದು ಯಂತ್ರ ಷರಾ ಬರೆಯಿತು. ಪ್ರಮಾಣಪತ್ರ ಸಂಜೆಯೇ ಸಿದ್ಧವಾಯಿತು. ಡಾಕ್ಟರ್ ಹ್ಯಾಸ್ಕೆಲ್ ಸಹಿ ಮಾಡುತ್ತ, ಕೈತಪ್ಪಿದ ರೋಗಿಯೊಬ್ಬನನ್ನು ಮರಳಿ ದಾರಿಗೆ ತಂದುದಕ್ಕಾಗಿ ಇಲ್ಡಾಳನ್ನು ಹೃತ್ಪೂರ್ವಕವಾಗಿ ಅಭಿನಂದಿಸಿದರು. ಅವಳು ಧನ್ಯವಾದ ಹೇಳಿದಳು.

ಸೋಮವಾರ ಮುಂಜಾನೆ ಅವಳು ಧಕ್ಕೆಗೆ ಹೋದಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಡ್ಯೂಯಿ ಇಬ್ಬರ ಹೆಗಲುಗಳ ನಡುವೆ ತೂಗುತ್ತ ಬಂದ. ದೋಣಿಯ ಯಜಮಾನ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ಮೊಹರು ನೋಡಿದ, ಮೂಗು ಮುಚ್ಚಿಕೊಂಡು ಸಹಿ ನೋಡಿದ, ಎಲ್ಲವೂ ಕ್ರಮವಾಗಿದೆಯೆಂದು ತಲೆಯಾಡಿಸಿದ. ಡ್ಯೂಯಿಯನ್ನು ಬಲೆಗಳ ಜೊತೆಗೆ ಜಾಗರೂಕತೆಯಿಂದ ಒಳಗೆ ಇಳಿಸಿದರು. ಅವನು ಇಲ್ಡಾಳನ್ನು ಗುರುತಿಸಲಿಲ್ಲ; ಅವಳ ಹಿಂದಿನ ಕಂಬಕ್ಕೆ ಕೈಬೀಸಿದ.

ದೋಣಿ ಹೊರಟಮೇಲೆ ಧಕ್ಕೆಯಲ್ಲಿ ಒಬ್ಬನೇ ಉಳಿದಿದ್ದ. ಕೇಪ್ ವರ್ಡ್ ದ್ವೀಪಗಳಿಂದ ಬಂದ ಜೆರೆಮಿಯಾಸ್ ಫೊಂಟೆಸ್, ಐವತ್ತರ ಆಸುಪಾಸಿನವನು, ಪ್ರಾರ್ಥನಾಸಭೆಯ ಹಿರಿಯ. ಇಪ್ಪತ್ತೆಂಟು ವರ್ಷ ದೋಣಿಯಲ್ಲಿ ದುಡಿದವನು ಒಮ್ಮೆಯೂ ಕುಡಿದಿರಲಿಲ್ಲ, ಒಮ್ಮೆಯೂ ಬಿದ್ದಿರಲಿಲ್ಲ. ಹೀಗಾಗಿ ಅವನ ಬಳಿ ಪ್ರಮಾಣಪತ್ರವಿರಲಿಲ್ಲ. ಅವನು ಟೋಪಿ ತೆಗೆದು ಹತ್ತಿರ ಬಂದ.

“ಆ ಫೋನಿನ ಮೇಡಂ ನೀವೇ ಅಂತ ಹೇಳಿದ್ರು. ನನ್ನ ಹೆಸ್ರು ಸೇರಿಸ್ಬೇಕಂದ್ರೆ ಎಲ್ಲಿಂದ ಶುರು ಮಾಡ್ಬೇಕಮ್ಮ?”

ಇಲ್ಡಾ ಸಮುದ್ರದ ಕಡೆ ನೋಡಿದಳು. ಬಳಿಕ ಅವನ ತೋಳು ಹಿಡಿದು ಬೀದಿಯ ಕಡೆಗೆ ತಿರುಗಿಸಿ, ಎದುರಿಗೆ, ಮೆಟ್ಟಿಲುಗಳ ಮೇಲಿನ ಲಂಗರಿನ ಬಾಗಿಲನ್ನು ತೋರಿಸಿದಳು.

“ಹನ್ನೊಂದು ಗಂಟೆಗೆ ತೆರೀತಾರೆ” ಎಂದಳು. “ಹೊರಗೆ ಬಂದು ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೋಬೇಡಿ.”