ಡ್ರಿಲ್ ಮಾಸ್ತರರ ಉಬ್ಬಸಸಂಗ್ರಾಮ

ಯಾವ ಯುಗದಲ್ಲಿ ಬ್ಯಾಡಗಿಯ ಗಾಳಿಯು ಮೆಣಸಿನಕಾಯಿಯ ಘಾಟನ್ನು ಹೊತ್ತು ಸಕಲ ಜೀವರಾಶಿಯನ್ನು ಸೀನಿಸುತ್ತಿತ್ತೋ, ಯಾವ ಯುಗದಲ್ಲಿ ಹೈಸ್ಕೂಲು ಮೈದಾನದ ಧೂಳು ಮುಗಿಲನ್ನು ಮುಟ್ಟುತ್ತಿತ್ತೋ, ಆ ಯುಗದಲ್ಲಿ ಖೋಖೋಕೋವಿದನೂ ಲೇಜಿಮುಲಲಾಮನೂ ಸೀಟಿನಾದಸ್ತಂಭಿತಸಕಲಬಾಲಕವೃಂದನೂ ಆದ ಚನ್ನವೀರಪ್ಪನೆಂಬ ಡ್ರಿಲ್ ಮಾಸ್ತರನಿದ್ದನು. ಎಲೈ ವಾಗ್ದೇವಿಯೇ, ಕೆಮ್ಮು ಬಾರದ ಕಂಠವನ್ನು ನನಗೆ ಕರುಣಿಸು. ಆ ಮಹಾರಥಿಯು ನಿವೃತ್ತನಾಗಿ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮಾಡಿದ ಯುದ್ಧವನ್ನು ನಾನು ಹಾಡಬೇಕಾಗಿದೆ.

ಶತ್ರುವಿನ ಹೆಸರು ಉಬ್ಬಸ. ಕೆಮ್ಮೆಂಬ ದಂಡನಾಯಕನನ್ನು ಮುಂದಿಟ್ಟುಕೊಂಡು ಅವನು ವೀರನ ಎದೆಯ ಕೋಟೆಯನ್ನು ಹೊಕ್ಕು, ಹಗಲಿಡೀ ಸುಂಯ್ ಸುಂಯ್ ಎಂದು ಕಹಳೆ ಊದುತ್ತಿದ್ದನು. ಕೋಟೆಯ ಬಾಗಿಲು ತೆರೆದವರು ಯಾರೆಂಬ ವಿಷಯದಲ್ಲಿ ದಂಪತಿಗಳೊಳಗೆ ಘೋರ ವಾಗ್ಯುದ್ಧವಾಯಿತು. ನೀನು ಹುರಿಯುವ ಮೆಣಸಿನಕಾಯಿಯ ಹೊಗೆ ಎಂದು ಮಾಸ್ತರ. ನೀವು ಮೂವತ್ತನಾಲ್ಕು ವರ್ಷ ಕುಡಿದ ಮೈದಾನದ ಧೂಳು ಎಂದು ಅವನ ಧರ್ಮಪತ್ನಿ ನೀಲವ್ವ. ಶ್ವಾಸನಾಳಮರ್ಮಜ್ಞೆಯಾದ ಡಾಕ್ಟರಮ್ಮ ಬಿಪಿ ಮಾತ್ರೆಯನ್ನು ವಿಚಾರಿಸಿ, ಹೃದಯವನ್ನು ಪರೀಕ್ಷಿಸಿ, ಹುಳಿತೇಗನ್ನು ಕೇಳಿ, ಕೊನೆಗೆ ಇಬ್ಬರೂ ಸರಿ ಎಂದಳು. ಅಡುಗೆಮನೆಯ ಕಿಟಕಿ ತೆರೆದಿಡಲು ಹೇಳಿ, ಇನ್‌ಹೇಲರ್ ಪಂಪೆಂಬ ದಿವ್ಯಾಸ್ತ್ರವನ್ನು ಕರುಣಿಸಿದಳು.

ಐದು ವಾರಗಳ ನಂತರ ಶಾಲೆಯ ಸುವರ್ಣಮಹೋತ್ಸವ. ಖೋಖೋ ಪಂದ್ಯಕ್ಕೆ ಮೊದಲ ಸೀಟಿಯನ್ನು ಮಾಸ್ತರನೇ ಊದಬೇಕೆಂದು ಹಳೆಯ ಶಿಷ್ಯರ ಬೇಡಿಕೆ. ಎದೆ ಹೀಗೆಯೇ ಹಾಡುತ್ತಿದ್ದರೆ ಮೈದಾನವಿಲ್ಲ, ಆಸ್ಪತ್ರೆಯ ಮಂಚವೇ ಎಂದು ಡಾಕ್ಟರಮ್ಮ ಕಡ್ಡಿಮುರಿದಂತೆ ಹೇಳಿದ್ದಳು. ನರ್ಸಮ್ಮ ಪಂಪು ಹಿಡಿಯುವ ಕ್ರಮವನ್ನು ತೋರಿಸುವಾಗ ವೀರನು ಕಿಟಕಿಯಾಚೆ ನೋಡುತ್ತ ಮೀಸೆ ತಿರುವಿ ಗರ್ಜಿಸಿದನು:

“ಈ ಬಾಯಾಗಿನ ಸೀಟಿ ಕೇಳಿ ಸಾವಿರ ಹುಡುಗೂರು ನೆಟ್ಟಗ ನಿಂತಾರ. ಹೆಬ್ಬೆಟ್ಟಿನಷ್ಟು ಪಂಪು ನನಗೇನು ಕಲಸತೈತಿ?”

ಗರ್ಜನೆಯ ತುದಿಯಲ್ಲಿ ಕೆಮ್ಮು ಬಂತು.

ಮೂರು ವಾರ ಎರಡು ಹೊತ್ತೂ ಅಸ್ತ್ರಪ್ರಯೋಗವಾಯಿತು. ಉಬ್ಬಸ ಒಂದಂಗುಲವೂ ಹಿಂದೆ ಸರಿಯಲಿಲ್ಲ. ಔಷಧವೇ ಖೊಟ್ಟಿ ಎಂದು ವೀರನು ಮಂಚಕ್ಕೊರಗಿದನು. ನೀಲವ್ವನಿಗೆ ಮಾತ್ರ ನಿಜವಾಗಿ ಭಯವಾಗಿತ್ತು. ಒಂದು ಸಾಲು ಮಾತಾಡಲು ಆತ ಎರಡು ಸಲ ನಿಲ್ಲುತ್ತಿದ್ದನು.

ಒಂದು ಮುಂಜಾನೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಆಕೆ ತಲೆಯೆತ್ತಿ ನೋಡಿದಳು. ಮಾಸ್ತರ ಪಂಪನ್ನು ಬಾಯಿಗಿಟ್ಟು ಒತ್ತಿದೊಡನೆ ಅವನ ಗಲ್ಲಗಳೆರಡೂ ಉಬ್ಬಿದವು. ತುಟಿಯ ಸಂದಿಯಿಂದ ಬಿಳಿಯ ಹಬೆ ಹೊರಬಂದು ಎದುರಿನ ಗೋಡೆಯತ್ತ ಹೋಯಿತು. ತುಟಿಗೆ ಏನು ತಾಗಿದರೂ ಊದುವುದೇ ಆ ಬಾಯಿಗೆ ಗೊತ್ತಿದ್ದ ವಿದ್ಯೆ. ಮೂರು ವಾರದಿಂದ ಚಿಕಿತ್ಸೆ ನಡೆದಿದ್ದುದು ಗೋಡೆಯ ಕ್ಯಾಲೆಂಡರಿಗೆ.

ನಗುವೂ ಅಳುವೂ ಒಟ್ಟಿಗೇ ಬಂದು ಆಕೆ ಹೇಳಿದಳು: “ಊದಬ್ಯಾಡ್ರಿ. ಒಳಗ ಎಳಕೋರಿ.”

ಅಂದೇ ಆಕೆ ಅವನನ್ನು ನರ್ಸಮ್ಮನೆದುರು ಕೂರಿಸಿದಳು. ಮೊದಲು ಉಸಿರು ಬಿಟ್ಟು, ತುಟಿ ಬಿಗಿದು, ಒತ್ತುತ್ತಲೇ ಮೆಲ್ಲಗೆ ಒಳಗೆಳೆದು, ಹತ್ತೆಣಿಸುವವರೆಗೆ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಮನೆಯಲ್ಲಿ ಎಣಿಕೆ ನೀಲವ್ವನದು, ಡ್ರಿಲ್ಲು ಮಾಸ್ತರನದು. ಎರಡು ವಾರಕ್ಕೆ ಕಹಳೆ ಅಡಗಿತು. ಮೈದಾನಕ್ಕೆ ನೀರು ಹೊಡೆಸಿದರೆ ಹೋಗಬಹುದೆಂದು ಡಾಕ್ಟರಮ್ಮ ಒಪ್ಪಿದಳು.

ಮಹೋತ್ಸವದ ದಿನ ಸಾವಿರ ಕಣ್ಣುಗಳ ಮುಂದೆ, ಒದ್ದೆ ನೆಲದ ಮೇಲೆ ನಿಂತು, ಶ್ವಾಸವಿಜಯಿಯಾದ ಚನ್ನವೀರಪ್ಪನು ಸೀಟಿಯನ್ನೆತ್ತಿದನು. ಕಣ್ಣು ಮುಚ್ಚಿದನು. ಉಸಿರು ಬಿಟ್ಟನು. ತುಟಿ ಬಿಗಿದು ಮೆಲ್ಲಗೆ, ಆಳವಾಗಿ ಒಳಗೆಳೆದು, ಹಾಗೆಯೇ ಹಿಡಿದು ನಿಂತನು. ಸದ್ದಿಲ್ಲ. ಕುಳಿತ ಆಟಗಾರರು ಕುಳಿತೇ ಇದ್ದರು.

ಹೆಂಗಸರ ಸಾಲಿನಿಂದ ನೀಲವ್ವನ ದನಿ ಬಂತು: “ಇದು ಸೀಟಿ ರೀ. ಊದ್ರಿ.”

ಊದಿದನು. ಆಟ ಶುರುವಾಯಿತು. ಮಹಾರಥಿಯು ಸೀಟಿಯನ್ನು ಜೇಬಿಗಿಳಿಸಿ, ಬಾಯಿ ಮುಕ್ಕಳಿಸಲು ನಲ್ಲಿಯ ಕಡೆಗೆ ನಡೆದನು.