ಹೆಣ್ಣೊಪ್ಪಿಸೋ ಹಾಡಿಗೆ ಕುಣಿದವರು

ಅಳೋಕೆ ಅಂತ ಕಟ್ಟಿದ ಹಾಡು ನಾಲ್ಕು ಜನರ ಬಾಯಿಗೆ ಬಿದ್ದು, ನಗ್ತಾ ಮನೆಗೆ ವಾಪಸ್ ಬರೋದು ನನಗೇನೂ ಹೊಸದಲ್ಲ. ಒಂದಲ್ಲ ಒಂದು ನಡೀತಾನೇ ಇರತ್ತೆ.

ನಾನು ಆಲ್ಕೊಳದವಳು. ಮದುವೆಮನೆಗಳಲ್ಲಿ ಹೆಣ್ಣೊಪ್ಪಿಸೋ ಹಾಡು ಹೇಳ್ತೀನಿ. ಮಗಳ ಕೈಯನ್ನ ಗಂಡಿನ ಮನೆಯವರ ಕೈಯಲ್ಲಿಡೋ ಹೊತ್ತಿಗೆ ಹೇಳೋ ಹಾಡು ಅದು, ನಮ್ಮಮ್ಮನಿಂದ ನನಗೆ ಬಂದದ್ದು. ಕೇಳಿದವರ ಕಣ್ಣು ಒದ್ದೆಯಾಗದಿದ್ದರೆ ಹಾಡು ಹೇಳಿದ್ದೂ ಒಂದೇ, ಕೆಮ್ಮಿದ್ದೂ ಒಂದೇ. ಮೊಮ್ಮಗಳ ಮದುವೇಲಿ ಇಡೀ ಮಂಟಪವನ್ನ ಅಳಿಸಬೇಕು ಅನ್ನೋದು ನನ್ನ ಆಸೆ. ಅವಳು ಮಾತ್ರ, "ಅಜ್ಜಿ, ನಿನ್ನ ಹಾಡಿಗೆ ಈಗ ಯಾರೂ ಅಳಲ್ಲ ಬಿಡು" ಅಂದಳು. ಅವಳು ಹಾಗಂದದ್ದಕ್ಕೆ ಕಾರಣ ಇಲ್ಲದೆ ಇರಲಿಲ್ಲ.

ಡ್ರಮ್ಮು ಯಾರ ಕಡೇದು?

ಸವಳಂಗ ರಸ್ತೆಯ ಛತ್ರದಲ್ಲಿ ನಮ್ಮ ಬೀದಿ ಹುಡುಗಿಯ ಮದುವೆ. ನಾನು ಹಾಡಿ ಮುಗಿಸಿದೆ. ಹುಡುಗಿಯ ಸೋದರಮಾವಂದಿರು ಟವೆಲ್ಲಿಂದ ಕಣ್ಣೊರೆಸಿಕೊಳ್ತಾ ನಿಂತಿದ್ದರು. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ. ಬ್ಯಾಂಡ್ ಸೆಟ್ಟಿನ ಮೇಷ್ಟ್ರು ಇದನ್ನ ನೋಡಿ, ಅಜ್ಜಿಗೆ ಮರ್ಯಾದೆ ಮಾಡೋಣ ಅಂತ, ಅದೇ ಹಾಡನ್ನ ಬಾಗಿಲಲ್ಲಿ ಬಾರಿಸೋಕೆ ಶುರುಮಾಡಿದರು.

ಅಷ್ಟೇ. ಕಣ್ಣೊರೆಸುತ್ತಿದ್ದ ಟವೆಲ್ಲು ಗಾಳಿಗೆ ಹೋಯ್ತು! ಮಾವಂದಿರು ಕುಣಿದರು, ಬೀಗರು ಕುಣಿದರು, ಕೊನೆಗೆ ತವರು ಬಿಡೋ ಹುಡುಗಿಯೂ ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಹಾಕಿದಳು.

"ಏನಪ್ಪಾ ಇದು, ಹುಡುಗಿ ಕಳಿಸ್ತಿದ್ದೀರೋ, ಗಣಪತಿ ಬಿಡ್ತಿದ್ದೀರೋ?" ಅಂತ ಮೇಷ್ಟ್ರನ್ನ ಗದರಿದೆ.

"ಸರಿಯಾಗಿ ಕಿವಿ ಕೊಡಿ ಅಜ್ಜೀ, ನಮ್ಮ ಕ್ಲಾರಿನೆಟ್ ಅಳ್ತಾನೇ ಇದೆ. ಅದು ಹೆಣ್ಣಿನ ಕಡೇದು. ಡ್ರಮ್ಮು ಗಂಡಿನ ಕಡೇದು."

ಬೆಳಿಗ್ಗೆ ಬೆಳಿಗ್ಗೆ ನನ್ನ ದನಿ

ಮೊಮ್ಮಗಳು ನನ್ನ ಹಾಡನ್ನ ಫೋನಲ್ಲಿ ತುಂಬಿಸಿಕೊಂಡಿದ್ದಳು. ಅವಳ ಗೆಳತಿ ಅದಕ್ಕೆ ಢಮಢಮ ಅನ್ನೋ ತಾಳ ಸೇರಿಸಿದಳು. ಅದು ಬೀದಿಯ ವಾಟ್ಸಾಪಿಗೆ ಹೋಯ್ತು. ಅಲ್ಲಿಂದ ಕಸದ ಆಟೋದವನಿಗೆ ಹೋಯ್ತು.

ಒಂದಿನ ಬೆಳಿಗ್ಗೆ ರಂಗೋಲಿ ಹಾಕ್ತಿದ್ದೀನಿ, ಬೀದಿ ತುದಿಯಿಂದ ನಾನೇ ಹಾಡಿಕೊಂಡು ಬರ್ತಿದ್ದೀನಿ! "ಹೊಸ್ತಿಲ ದಾಟಿ ಹೊರಟ್ಯಲ್ಲೇ ಕೂಸೇ, ಹಿಂದೆ ತಿರುಗಿ ನೋಡಬ್ಯಾಡ..." ಹೆಂಗಸರೆಲ್ಲ ಬಕೆಟ್ ಹಿಡಿದು ಓಡಿ ಬಂದರು. ಕೂಸು ಅಂದರೆ ಬಕೆಟ್ಟಿನೊಳಗಿದ್ದದ್ದು.

ಎದುರುಮನೆಯವಳು ಎದೆ ಮೇಲೆ ಕೈಯಿಟ್ಟು, "ಅಜ್ಜೀ, ನಿಮ್ಮ ಹಾಡು ಕೇಳಿದರೆ ಇಲ್ಲಿ ಏನೋ ಆಗತ್ತೆ" ಅಂದಳು.

ಸದ್ಯ, ಒಬ್ಬಳಾದರೂ ಸಿಕ್ಕಳಲ್ಲ ಅಂತ, "ಸಂಕಟ ಆಗತ್ತಾ ಮಗಾ?" ಅಂದೆ.

"ಗಾಬರಿ ಆಗತ್ತೆ ಅಜ್ಜಿ. ಎಲ್ಲಿ ನಿನ್ನೆಯ ಹಲಸಿನ ಸಿಪ್ಪೆ ಮನೇಲೇ ಉಳಿದುಬಿಡತ್ತೋ ಅಂತ."

ತುಪ್ಪದ ದುಃಖ

ಉಲ್ಟಾನೂ ಆಗತ್ತೆ. ಬೀಗರನ್ನ ಗೇಲಿ ಮಾಡೋ ಒಂದು ಹಾಡಿದೆ ನನ್ನ ಹತ್ರ. ಬೀಗರು ಹೋಳಿಗೆ ತಿಂದರು, ತುಪ್ಪ ಸಾಲದು ಅಂದರು, ಎಲೆ ಮುಂದೆ ಮುನಿಸಿಕೊಂಡು ಕೂತರು ಅಂತ. ಹೇಳಿದರೆ ಪಂಕ್ತಿಯೇ ನಗಬೇಕು.

ಅದೇ ಗೆಳತಿ ಈ ಸಲ ಗಿಟಾರ್ ಹಿಡಿದು, ಕಣ್ಣು ಮುಚ್ಚಿ, ಜ್ವರ ಬಂದವರ ಹಾಗೆ ಉಸಿರು ಎಳೆದು ಎಳೆದು ಹಾಡಿದಳು. "ತುಪ್ಪಾ... ಸಾಲದು..." ಅನ್ನೋ ಹೊತ್ತಿಗೆ ಮನೆಯೆಲ್ಲ ಗಪ್‌ಚುಪ್. ಕಾಫಿಗೆ ಬಂದಿದ್ದ ಪಕ್ಕದ ಮನೆ ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಯಾಕ್ರೀ?" ಅಂದೆ.

"ಪಾಪ ಅಜ್ಜೀ, ಕೊನೆಗೂ ಅವರಿಗೆ ತುಪ್ಪ ಹಾಕಲೇ ಇಲ್ವಾ?"

ಒಪ್ಪಿಸೋದು ಯಾರನ್ನ?

ಮೊಮ್ಮಗಳ ಮದುವೆ ಗೊತ್ತಾಯ್ತು. ಹುಡುಗ ಭದ್ರಾವತಿಯವನು, ಮಾಚೇನಹಳ್ಳಿಯಲ್ಲಿ ಕೆಲಸ. ಇವಳು ಮೊದಲೇ ಹೇಳಿಬಿಟ್ಟಿದ್ದಳು, "ಮದುವೆಯಾದ ಮೇಲೂ ನಾನು ಅಪ್ಪ ಅಮ್ಮನ ಹತ್ರಾನೇ ಇರ್ತೀನಿ, ನೀನೇ ಆಲ್ಕೊಳಕ್ಕೆ ಬಾ" ಅಂತ. ಹುಡುಗ ಖುಷಿಯಿಂದ ಹೂಂ ಅಂದ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಹೆಣ್ಣು ಹೊಸ್ತಿಲೇ ದಾಟಲ್ಲ ಅಂದರೆ ನಾನು ಒಪ್ಪಿಸೋದು ಏನನ್ನ? ಎಲ್ಲರ ಮದುವೇಲೂ ಹಾಡಿ, ಮನೆ ಮಗುವಿನ ಮದುವೇಲಿ ಬಾಯಿಮುಚ್ಚಿ ಕೂರೋದಾ?

ಭದ್ರಾವತಿಯ ಛತ್ರದಲ್ಲಿ ಧಾರೆ ಮುಗೀತು. ಹುಡುಗನ ಅಪ್ಪ ಆಯುಷ್ಯವೆಲ್ಲ ಕಾರ್ಖಾನೆಯ ಕುಲುಮೆ ಮುಂದೆ ದುಡಿದ ಮನುಷ್ಯ. ಮೀಸೆ ತಿರುವಿಕೊಂಡು ಬಂದು, "ಏನಜ್ಜೀ, ಅಳಿಸ್ತೀರಂತೆ? ನನ್ನ ಹತ್ರ ನಡೆಯಲ್ಲ. ನನ್ನ ಕಣ್ಣಲ್ಲಿದ್ದ ನೀರೆಲ್ಲ ಕುಲುಮೆ ಮುಂದೆ ಆವಿಯಾಗಿ ಹೋಗಿದೆ" ಅಂದರು.

ನನಗೆ ಆಗ ಹೊಳೀತು. ಹೋಗ್ತಿರೋದು ಮಗ ತಾನೇ? ಬೀಗರನ್ನೇ ನೋಡ್ತಾ ಶುರುಮಾಡಿದೆ. ರಾಗ ಅಮ್ಮನದೇ, ಮಾತು ಮಾತ್ರ ಅಲ್ಲೇ ಕಟ್ಟಿದ್ದು.

"ಗೇಟಿನ ಬೀಗ ಹಾಕಿಬಿಡಪ್ಪಾ, ತಡವಾಗಿ ಬರೋರಿಲ್ಲ. ಬೈಕು ನಿಲ್ಲೋ ಜಾಗದಾಗೆ ಬಿಸಿಲೊಂದೇ ಕೂತೈತಲ್ಲ..."

ಬೀಗರ ಮೀಸೆ ಮೊದಲು ಅದುರಿತು. ಆಮೇಲೆ ಗಲ್ಲ. ಆಮೇಲೆ, "ಬೈಕು ಅಡ್ಡ ನಿಲ್ಲಿಸಬೇಡ ಅಂತ ದಿನಾ ಬೈತಿದ್ದೆನಲ್ಲೋ ಮಗನೇ!" ಅಂತ ಕೂಗಿದರು ನೋಡಿ, ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಬೀಗಿತ್ತಿ ಅತ್ತರು, ನನ್ನ ಮಗ ಸೊಸೆ ಅತ್ತರು, ಊಟದ ಪಂಕ್ತಿಯಲ್ಲಿ ಕೂತವರು ಎಡಗೈಲಿ ಕಣ್ಣೊರೆಸಿಕೊಂಡರು. ನನ್ನ ಜನ್ಮ ಸಾರ್ಥಕ.

ಕಾರು ಹೊರಡೋ ಹೊತ್ತಾಯ್ತು. ನೋಡಿದರೆ ಬೀಗರೇ ಇಲ್ಲ! ಛತ್ರವೆಲ್ಲ ಹುಡುಕಿದೆವು. ಕೊನೆಗೆ ಹೂವಿನ ಕಾರೊಳಗೆ ಬಗ್ಗಿದರೆ, ಹಿಂದಿನ ಸೀಟಲ್ಲಿ ಮಗನ ಕೈ ಹಿಡಿದು ಕೂತಿದ್ದಾರೆ. ಬೆಲ್ಟು ಬೇರೆ ಹಾಕಿಕೊಂಡಾಗಿದೆ.

"ಇಳೀರಿ, ಜನ ನೋಡ್ತಿದ್ದಾರೆ" ಅಂದರು ಬೀಗಿತ್ತಿ.

"ಮಗು ಒಬ್ಬನೇ ಹೋಗ್ತಾನಲ್ಲೇ. ಆಲ್ಕೊಳದವರೆಗೆ ಬಿಟ್ಟು ಬರ್ತೀನಿ" ಅಂತ ಮತ್ತೆ ಅಳು.

ಬೀಗಿತ್ತಿ ಕಾರನ್ನ ಸುತ್ತಿ ಬಂದರು. ಆ ಕಡೆ ಬಾಗಿಲು ತೆಗೆದು ತಾವೂ ಹತ್ತಿ ಕೂತರು.

ನನ್ನ ಮೊಮ್ಮಗಳು ಧಾರೆ ಸೀರೆ ಎತ್ತಿ ಹಿಡಿದು, ಕಾರಿನ ಹೊರಗೆ ನಿಂತು ನನ್ನನ್ನೇ ದುರುಗುಟ್ಟಿ ನೋಡಿದಳು.

"ಅಜ್ಜೀ, ಗಂಡನ್ನ ಒಪ್ಪಿಸು ಅಂದರೆ ಅತ್ತೆ ಮಾವನ್ನೂ ಒಪ್ಪಿಸಿಬಿಟ್ಯಲ್ಲ! ಈಗ ನಾನೇನು ಬಸ್ಸಿಗೆ ಬರ್ಲಾ?"